ಮಾತ್ರೆ ಸಿಗ್ತಿದೆ, ಮನಸ್ಸು ಕೇಳೋರು ಯಾರು?



ಎಚ್‌ಐವಿ ಇರೋರಿಗೆ ಸರ್ಕಾರ 2004ರಿಂದ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡ್ತಿದೆ. ದಿನಾ ತಪ್ಪದೆ ನುಂಗಿದ್ರೆ ಎಲ್ಲರಂತೆ ದುಡಿದು ಬಾಳಬಹುದು. ಆದರೂ ಇವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಹೆಚ್ಚು. ಊರಿನ ಬಾಯಿಗೆ ಹೆದರಿ ಒಳಗೊಳಗೇ ಬೇಯ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕಾಯಿ ಸುಲಿಯೋ ಕೂಲಿಯವನಿಗೆ ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರು ಸಿಕ್ಕಿಬಿಟ್ರೆ ಅನ್ನೋ ಭಯ. ಗೊತ್ತಾದ ದಿನ ಮನೆಯಲ್ಲೇ ತಟ್ಟೆ ಲೋಟ ಬೇರೆ. ಹೋಟೆಲಿನ ಬೇರೆ ಲೋಟದ ಅವಮಾನ ಉಂಡ ನಮ್ಮ ಕೇರಿಯಲ್ಲೇ ಹೀಗಾದ್ರೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಏನು ಬಂತು? ಮುಟ್ಟಿದ್ರೆ, ಜೊತೆಗೆ ಉಂಡ್ರೆ ಎಚ್‌ಐವಿ ಹರಡಲ್ಲ.

ಆಫೀಸಿನಲ್ಲಿ ಫೈಲು ನೋಡೋನು ನಾನು, ಕಾನೂನೂ ಹೇಳ್ತೀನಿ: 2017ರ ಎಚ್‌ಐವಿ ಕಾಯ್ದೆ ಪ್ರಕಾರ ಕೆಲಸ, ಚಿಕಿತ್ಸೆಯಲ್ಲಿ ಇವರಿಗೆ ಭೇದ ಮಾಡೋ ಹಾಗಿಲ್ಲ.

ನನ್ನ ಒತ್ತಾಯ ಇಷ್ಟೇ. ಮಾತ್ರೆ ಕೊಡೋ ಕಡೆಯೇ "ನಿದ್ದೆ ಬರ್ತಿದ್ಯಾ? ಬದುಕು ಸಾಕು ಅನ್ನಿಸ್ತಿದ್ಯಾ?" ಅಂತ ಪ್ರತಿಸಲ ಕೇಳ್ಬೇಕು. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಎದೆಭಾರ ಇಳಿಯುತ್ತೆ. ಮಾತ್ರೆ ಬಿಟ್ಟವರನ್ನ ಬೈಬೇಡಿ, ಪಕ್ಕ ಕೂತು ಮಾತಾಡ್ಸಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಸಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.