ಕಪ್ಪು ತೆರೆ ಕಂಡಾಗ

ಲಿನಕ್ಸ್ ಹಾಕಿದ ಗಣಕಯಂತ್ರವನ್ನು ಚಾಲನೆ ಮಾಡಿದಾಗ ಎಂದಿನ ಚಿತ್ರಮಯ ಡೆಸ್ಕ್‌ಟಾಪ್ ಮೂಡದೆ, ಬರಿಯ ಕಪ್ಪು ತೆರೆಯೇ ನಿಂತುಬಿಡುವುದುಂಟು. ಆಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹಿಡಿಯುವ ದಾರಿ ಒಂದೇ: ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದು. ಯಂತ್ರವೇನೋ ಮತ್ತೆ ನಡೆದೀತು. ಆದರೆ ಪ್ರತಿ ತೆಗೆದಿರಿಸದ ಪ್ರಾಜೆಕ್ಟು, ಪ್ರಯೋಗದ ಲೆಕ್ಕಗಳು ಅದರೊಡನೆ ಅಳಿದುಹೋಗುತ್ತವೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತೆರೆ ಕಪ್ಪಾದ ಮಾತ್ರಕ್ಕೆ ಯಂತ್ರ ಸತ್ತಿತೆಂದು ತಿಳಿಯಬಾರದು. ಇದರ ಕಾರಣ ಚರಿತ್ರೆಯಲ್ಲಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ಹುಟ್ಟಿದ ಕಾಲಕ್ಕೆ ಮನುಷ್ಯನು ಅದಕ್ಕೆ ಅಪ್ಪಣೆ ಕೊಡುತ್ತಿದ್ದುದು ಟೆಲಿಟೈಪಿನ ಅಕ್ಷರಗಳ ಮೂಲಕ. ಕಿಟಕಿಗಳನ್ನು ಚಿತ್ರಿಸುವ ಎಕ್ಸ್ ವ್ಯವಸ್ಥೆಯು ಎಂ.ಐ.ಟಿ.ಯಲ್ಲಿ ಆರಂಭವಾದುದು 1984ರಲ್ಲಿ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಹೊರತಂದ ಲಿನಕ್ಸ್ ಕೂಡ ಇದೇ ಪರಂಪರೆಯನ್ನು ಹಿಡಿಯಿತು. ಕೆಳಗೆ ಕರ್ನೆಲ್, ಅದರಲ್ಲಿ ಚಿತ್ರಫಲಕದ ಡ್ರೈವರ್. ಅದರ ಮೇಲೆ ಎಕ್ಸ್ ಅಥವಾ 2008ರಲ್ಲಿ ಮೊದಲಾದ ವೇಲ್ಯಾಂಡ್. ತುದಿಯಲ್ಲಿ ನೋಮ್, ಕೆಡಿಇ ಮುಂತಾದ ಡೆಸ್ಕ್‌ಟಾಪುಗಳು. ಮೇಲಿನ ಮಹಡಿ ಕುಸಿದರೂ ತಳಹದಿ ಭದ್ರವಾಗಿರಬಹುದು.

ವಿದ್ಯುನ್ಮಂಡಲದಲ್ಲಿ ದೀಪ ಉರಿಯದಿದ್ದರೆ ನಾವು ಬ್ಯಾಟರಿ, ತಂತಿ, ಸ್ವಿಚ್ಚು, ದೀಪ ಎಂದು ಒಂದೊಂದನ್ನೇ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮ. ಮೊದಲು ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಹೆಸರನ್ನು ಕೇಳುವ ಕನ್ಸೋಲ್ ಬಂದರೆ ಕರ್ನೆಲ್ ಜೀವಂತವಾಗಿದೆ, ದೋಷ ಮೇಲಿನ ಅಂತಸ್ತಿನಲ್ಲಿರುವ ಸಂಭವವೇ ಹೆಚ್ಚು ಎಂದರ್ಥ. ಒಳಹೊಕ್ಕ ಮೇಲೆ ಡಿಎಫ್ ಎಂಬ ಎರಡಕ್ಷರದ ಆಜ್ಞೆಯಿಂದ ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ನೋಡಬೇಕು. ಗುಪ್ತಪದ ಸರಿಯಿದ್ದರೂ ಪ್ರವೇಶದ ತೆರೆಗೇ ಮರಳಿ ತಳ್ಳುವ ಪೀಡೆಗೆ ಡಿಸ್ಕು ತುಂಬಿರುವುದು ಒಂದು ಸಾಮಾನ್ಯ ಕಾರಣ. ಬಳಿಕ ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಯಂತ್ರವು ತಾನೇ ಬರೆದಿಟ್ಟ ದಿನಚರಿಯನ್ನು ಓದಬೇಕು. ಯಾವ ಅಂತಸ್ತು ಎಲ್ಲಿ ಎಡವಿತೆಂಬುದು ಬಹುತೇಕ ಅಲ್ಲಿಯೇ ದಾಖಲಾಗಿರುತ್ತದೆ.

ಕನ್ಸೋಲ್ ಸಹ ಕಾಣದಿದ್ದರೆ ಡ್ರೈವರನ್ನು ಶಂಕಿಸಬೇಕು. ಆರಂಭದ ಗ್ರಬ್ ಪಟ್ಟಿಯಲ್ಲಿ 'ಇ' ಕೀಲಿಯನ್ನೊತ್ತಿ, ಲಿನಕ್ಸ್ ಎಂದು ಮೊದಲಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಬಹುದು. ಇದು ಆ ಒಂದು ಬಾರಿಗೆ ಮಾತ್ರ ಅನ್ವಯಿಸುವ ಪ್ರಯೋಗ. ತೆರೆ ಮೂಡಿದರೆ ನಮ್ಮ ಶಂಕೆಗೆ ಬಲ ಬಂದಂತಾಯಿತು.

ಕನ್ನಡಿಗರಿಗೆ ಒಂದು ಮಾತು. ಕರ್ನೆಲ್ಲಿನ ಈ ಅಕ್ಷರ ಕನ್ಸೋಲ್ ಒಂದು ಬಾರಿಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಬಲ್ಲದು, ಒತ್ತಕ್ಷರಗಳನ್ನು ಹೊಂದಿಸಲಾರದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಅಲ್ಲಿ ಬರಿಯ ಚೌಕಗಳಾಗಿ ತೋರಿದರೆ ಗಾಬರಿಪಡಬೇಕಾಗಿಲ್ಲ, ಕಡತ ಕೆಟ್ಟಿರುವುದಿಲ್ಲ.

ಮರುಸ್ಥಾಪನೆಯಿಂದ ಅರ್ಧ ದಿನದ ಹುಡುಕಾಟ ಉಳಿಯುವುದಲ್ಲವೇ ಎಂದು ಕೆಲವರು ಕೇಳಬಹುದು. ಸ್ವಂತ ಕಡತಗಳಿಲ್ಲದ, ಒಂದೇ ಬಗೆಯ ಮೂವತ್ತು ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಈ ಮಾತು ನ್ಯಾಯವೇ. ಆದರೆ ಡ್ರೈವರಿಗೂ ಕರ್ನೆಲ್ಲಿಗೂ ಹೊಂದಿಕೆ ತಪ್ಪಿದ್ದರೆ, ಅದೇ ಆವೃತ್ತಿಗಳನ್ನು ಮತ್ತೆ ಹಾಕಿದೊಡನೆ ಅದೇ ಕಪ್ಪು ತೆರೆ ಮರಳಿ ಬರುತ್ತದೆ. ಕಾರಣ ತಿಳಿಯದ ದುರಸ್ತಿಯು ದುರಸ್ತಿಯಲ್ಲ.

ಆದುದರಿಂದ ನಮ್ಮ ಕಾಲೇಜುಗಳ ಗಣಕ ಪ್ರಯೋಗಶಾಲೆಗಳಲ್ಲಿ ವರ್ಷಕ್ಕೆ ಎರಡು ತರಗತಿಗಳನ್ನಾದರೂ ಕೆಟ್ಟ ಯಂತ್ರಗಳಿಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಅಧ್ಯಾಪಕರೇ ದೋಷವೊಂದನ್ನು ಹುದುಗಿಸಿಡಲಿ. ವಿದ್ಯಾರ್ಥಿಗಳು ಕನ್ಸೋಲಿನ ಮುಂದೆ ಕುಳಿತು ಅದನ್ನು ಪತ್ತೆಹಚ್ಚಲಿ. ಯಂತ್ರ ನಡೆಯಿತೆಂಬುದಕ್ಕಿಂತ, ಯಾವುದನ್ನು ಏಕೆ ಶಂಕಿಸಿದೆವು, ಯಾವ ಸಾಕ್ಷ್ಯದಿಂದ ಬಿಟ್ಟೆವು ಎಂದು ಬರೆದುದಕ್ಕೆ ಅಂಕಗಳು ದೊರೆಯಲಿ. ವಿಜ್ಞಾನವೆಂದರೆ ಊಹಿಸಿ, ಪರೀಕ್ಷಿಸಿ, ತಪ್ಪಾದುದನ್ನು ತಳ್ಳಿಹಾಕುವ ಅಭ್ಯಾಸ. ಅದನ್ನು ಕಲಿಸಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಕೆಟ್ಟುನಿಂತ ಹಳೆಯ ಗಣಕಯಂತ್ರವೊಂದೇ ಸಾಕು.