ಸಾರಿಗೆ ವಿಮಾನದವರಿಗೂ ಒಂದು ಜಂಟಿ ಶಾಲೆ ಬೇಕು

ವಾಯುಪಡೆ ಎಂದ ಕೂಡಲೇ ನಮ್ಮ ತರಗತಿಗಳಲ್ಲಿ ಮಾತು ರಫೇಲ್, ತೇಜಸ್ ಕಡೆಗೆ ಹೊರಳುತ್ತದೆ. ಎನ್‌ಡಿಎ ಪರೀಕ್ಷೆಗೆ ಓದುತ್ತಿರುವ ಗೆಳೆಯರ ಕನಸೂ ಯುದ್ಧವಿಮಾನವೇ. ಅದು ತಪ್ಪಲ್ಲ. ಆದರೆ 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾ ನಡುಗಿದಾಗ ಭಾರತದ ನೆರವು ಹೊತ್ತು ಹೊರಟದ್ದು ಸಿ-17 ಎಂಬ ಸಾರಿಗೆ ವಿಮಾನ. ಹಿಂಡನ್ ವಾಯುನೆಲೆಯಿಂದ ಎನ್‌ಡಿಆರ್‌ಎಫ್ ತಂಡವನ್ನು ಅದು ಅದಾನ ನಗರಕ್ಕೆ ಮುಟ್ಟಿಸಿತು. ಇಂಥ ವಿಮಾನ ನಡೆಸುವವರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಅವರು ಬೇರೆ ದೇಶದವರ ಜೊತೆ ಕೂತು ತರಬೇತಿ ಪಡೆಯಬೇಕು, ನಮ್ಮ ಭಾಗದ ದೇಶಗಳಿಗೆ ಅಂಥದ್ದೊಂದು ಶಾಲೆ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಯುರೋಪಿನಲ್ಲಿ ಇದು ಆಗಲೇ ನಡೆಯುತ್ತಿದೆ. ಸ್ಪೇನ್‌ನ ಸರಗೋಸಾದಲ್ಲಿ 2017ರಲ್ಲಿ 11 ದೇಶಗಳು ಸೇರಿ ಒಂದು ತರಬೇತಿ ಕೇಂದ್ರ ತೆರೆದವು. ಬೇರೆ ಬೇರೆ ದೇಶಗಳ ತಂಡಗಳು ತಮ್ಮ ತಮ್ಮ ವಿಮಾನಗಳೊಂದಿಗೆ ಅಲ್ಲಿಗೆ ಬರುತ್ತವೆ. ಗುಡ್ಡಗಳ ನಡುವೆ ತಗ್ಗಿನಲ್ಲಿ ಹಾರುವುದು, ಮಣ್ಣಿನ ರನ್‌ವೇ ಮೇಲೆ ಇಳಿಯುವುದು, ಪ್ಯಾರಾಚೂಟ್ ಕಟ್ಟಿದ ಸರಕನ್ನು ಗುರುತಿಟ್ಟ ಜಾಗಕ್ಕೇ ಬೀಳಿಸುವುದು, ಕ್ಷಿಪಣಿ ಬಂದರೆ ತಪ್ಪಿಸಿಕೊಳ್ಳುವುದು ಅಲ್ಲಿನ ಪಾಠಗಳು.

ಪೈಲಟ್‌ಗಳಷ್ಟೇ ಅಲ್ಲ, ಲೋಡ್‌ಮಾಸ್ಟರ್ ಎಂಬ ಇನ್ನೊಬ್ಬರೂ ಈ ತಂಡದಲ್ಲಿರುತ್ತಾರೆ. ಯಾವ ಸರಕು ಎಲ್ಲಿ ಇರಬೇಕು, ಎಷ್ಟು ಬಿಗಿಯಾಗಿ ಕಟ್ಟಬೇಕು ಎಂಬುದು ಇವರ ಲೆಕ್ಕ. ನಾವು ಭೌತಶಾಸ್ತ್ರದಲ್ಲಿ ಓದುವ ಗುರುತ್ವ ಕೇಂದ್ರವೇ ಇವರಿಗೆ ದಿನನಿತ್ಯದ ಕೆಲಸ. 2013ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ಮೇಲೇರಿದ ಒಂದು ಖಾಸಗಿ ಸರಕು ವಿಮಾನದಲ್ಲಿ ಕಟ್ಟಿದ್ದ ಭಾರೀ ಸೇನಾ ವಾಹನ ಬಿಚ್ಚಿಕೊಂಡು ಹಿಂದಕ್ಕೆ ಸರಿಯಿತು. ವಿಮಾನ ನೆಲಕ್ಕಪ್ಪಳಿಸಿ ಅದರಲ್ಲಿದ್ದ 7 ಮಂದಿಯೂ ಸತ್ತರು. ಸರಕು ಕಟ್ಟುವುದು ಎಷ್ಟು ದೊಡ್ಡ ವಿದ್ಯೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಅವರವರ ದೇಶದಲ್ಲೇ ಕಲಿತರಾಯಿತು, ಜಂಟಿ ತರಬೇತಿ ಯಾಕೆ?’ ಎಂದು ಕೆಲವರು ಕೇಳಬಹುದು. 2015ರ ನೇಪಾಳದ ಭೂಕಂಪವನ್ನು ನೆನಪಿಸಿಕೊಳ್ಳಿ. ಕಠ್ಮಂಡುವಿನಲ್ಲಿ ಇದ್ದದ್ದು ಒಂದೇ ರನ್‌ವೇ, ನಿಲ್ಲಲು ಜಾಗವೂ ಕಡಿಮೆ. ಹಲವು ದೇಶಗಳ ವಿಮಾನಗಳು ಒಟ್ಟಿಗೇ ಬಂದವು. ಕೆಲವು ಆಕಾಶದಲ್ಲೇ ಸುತ್ತಿದವು, ಕೆಲವು ಇಳಿಯಲಾಗದೆ ವಾಪಸ್ ಹೋದವು. ರನ್‌ವೇ ಹಾಳಾಗುತ್ತದೆಂದು ದೊಡ್ಡ ವಿಮಾನಗಳನ್ನೇ ಕೊನೆಗೆ ನಿಲ್ಲಿಸಬೇಕಾಯಿತು. ತರಬೇತಿಯಿಂದ ಇನ್ನೊಂದು ರನ್‌ವೇ ಹುಟ್ಟುವುದಿಲ್ಲ, ನಿಜ. ಆದರೆ ಇದ್ದ ಒಂದನ್ನು ಹಂಚಿಕೊಳ್ಳುವುದು ಹೇಗೆ, ಯಾರ ಸರಕು ಮೊದಲು, ಬೇಗ ಇಳಿಸಿ ಬೇಗ ಜಾಗ ಬಿಡುವುದು ಹೇಗೆ ಎಂಬುದನ್ನು ಮೊದಲೇ ಒಟ್ಟಿಗೆ ಅಭ್ಯಾಸ ಮಾಡಿದವರು ಆ ಗಡಿಬಿಡಿಯಲ್ಲಿ ಹೆಚ್ಚು ಜೀವ ಉಳಿಸಬಲ್ಲರು.

ಇನ್ನೊಂದು ಆಕ್ಷೇಪ ಗಂಭೀರವಾದುದು. ಇವು ಸೇನೆಯ ವಿಮಾನಗಳು, ಇಂದು ಅಕ್ಕಿ ಹೊತ್ತದ್ದು ನಾಳೆ ಮದ್ದುಗುಂಡು ಹೊರುತ್ತದೆ ಎಂಬ ಮಾತು. ಇದನ್ನು ಅಲ್ಲಗಳೆಯಲಾಗದು. ಆದರೆ 1992ರ ಸೆಪ್ಟೆಂಬರ್ 3ರಂದು ಮುತ್ತಿಗೆಯಲ್ಲಿದ್ದ ಸರಾಯೆವೊ ನಗರದ ಜನರಿಗಾಗಿ ಕಂಬಳಿ ಹೊತ್ತು ಹೋಗುತ್ತಿದ್ದ ಇಟಲಿಯ ಸೇನಾ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ ನಾಲ್ವರೂ ಪ್ರಾಣ ಬಿಟ್ಟರು. ಕ್ಷಿಪಣಿ ತಪ್ಪಿಸಿಕೊಳ್ಳುವ ಪಾಠ ಕಂಬಳಿ ಒಯ್ಯುವವರಿಗೂ ಬೇಕು. ವಿಮಾನದಲ್ಲಿ ಏನು ತುಂಬಬೇಕು ಎಂದು ತೀರ್ಮಾನಿಸುವುದು ಸರಕಾರಗಳು. ಆ ತೀರ್ಮಾನವನ್ನು ಪ್ರಶ್ನಿಸುವ ಹೊಣೆ ನಾಗರಿಕರಾದ ನಮ್ಮದು.

ಗಾಝಾದ ಉದಾಹರಣೆ ಎರಡೂ ಮುಖವನ್ನು ತೋರಿಸುತ್ತದೆ. 1870ರಿಂದ 1945ರೊಳಗೆ ಮೂರು ಬಾರಿ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿ ಇಂದು ಎವ್ರೂ ಎಂಬಲ್ಲಿ ಒಂದೇ ಸಾರಿಗೆ ವಿಮಾನದಳ ನಡೆಸುತ್ತಿವೆ. ಎರಡೂ ದೇಶದವರು ಅಲ್ಲಿ ಒಂದೇ ಕಾಕ್‌ಪಿಟ್‌ನಲ್ಲಿ ಕೂರುತ್ತಾರೆ. 2024ರ ಮಾರ್ಚ್‌ನಲ್ಲಿ ಅಲ್ಲಿಂದಲೇ ಹೊರಟ ಜರ್ಮನಿಯ ವಿಮಾನಗಳು ಜೋರ್ಡಾನ್ ಮೂಲಕ ಗಾಝಾಕ್ಕೆ ಆಹಾರ ಬೀಳಿಸಿದವು. ಅದೇ ತಿಂಗಳು, ಹಲವು ದೇಶಗಳು ಹೀಗೆ ನೆರವು ಬೀಳಿಸುತ್ತಿದ್ದಾಗ, ಪ್ಯಾರಾಚೂಟ್ ಬಿಚ್ಚಿಕೊಳ್ಳದ ಸರಕು ಮೇಲೆ ಬಿದ್ದು ಗಾಝಾದಲ್ಲಿ ಐವರು ಸತ್ತರೆಂದು ವರದಿಯಾಯಿತು. ಹಸಿದವನ ತಲೆಯ ಮೇಲೆ ಊಟದ ಪೆಟ್ಟಿಗೆಯೇ ಬೀಳುವುದಕ್ಕಿಂತ ದೊಡ್ಡ ದುರಂತ ಯಾವುದು? ತರಬೇತಿ ಎಷ್ಟು ಮುಖ್ಯ ಎಂಬುದನ್ನು ಇದು ಹೇಳುತ್ತದೆ. ರಸ್ತೆಯಲ್ಲಿ ಲಾರಿಗಳನ್ನು ಬಿಟ್ಟಿದ್ದರೆ ಆಕಾಶದಿಂದ ಎಸೆಯಬೇಕಾಗಿಯೇ ಇರಲಿಲ್ಲ ಎಂಬುದನ್ನೂ ಹೇಳುತ್ತದೆ. ಎಷ್ಟೇ ನುರಿತ ಪೈಲಟ್ ಇದ್ದರೂ ಮುಚ್ಚಿದ ಗಡಿಯನ್ನು ತೆರೆಯಲಾರ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ವಾಯುಪಡೆಯ ಸಾರಿಗೆ ಪೈಲಟ್‌ಗಳಿಗೆ ಬೆಂಗಳೂರಿನ ಯಲಹಂಕದಲ್ಲೇ ತರಬೇತಿ ನಡೆಯುತ್ತದೆ. 2021ರಲ್ಲಿ 56 ಸಿ-295 ವಿಮಾನಗಳಿಗೆ ಒಪ್ಪಂದವಾದಾಗ ನಮ್ಮ ಪೈಲಟ್‌ಗಳು ಸ್ಪೇನ್‌ಗೆ ಹೋಗಿ ಕಲಿತು ಬಂದರು. ಬಾಂಗ್ಲಾದೇಶ, ಶ್ರೀಲಂಕಾಗಳ ಬಳಿಯೂ ನಮ್ಮಂತೆ ಸಿ-130 ವರ್ಗದ ವಿಮಾನಗಳಿವೆ. ಚಂಡಮಾರುತ, ನೆರೆ, ಭೂಕಂಪ ನಮಗೆಲ್ಲರಿಗೂ ಸಮಾನ. ಹಾಗಿದ್ದ ಮೇಲೆ ನೆರೆಯ ದೇಶಗಳ ತಂಡಗಳು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕಲಿಯುವ ಕೇಂದ್ರವೊಂದನ್ನು ಭಾರತವೇ ಮುಂದೆ ನಿಂತು ಯಾಕೆ ತೆರೆಯಬಾರದು?

ಚಿಕ್ಕ ದೇಶಗಳಿಗೆ ಇದರಿಂದ ಇನ್ನೂ ಹೆಚ್ಚು ಲಾಭ. ಹಂಗೇರಿಯ ಪಾಪಾ ನೆಲೆಯಲ್ಲಿ 12 ದೇಶಗಳು ಸೇರಿ 3 ಸಿ-17 ವಿಮಾನಗಳನ್ನು ಹಂಚಿಕೊಂಡು ನಡೆಸುತ್ತವೆ. ಎಸ್ಟೋನಿಯ, ಸ್ಲೊವೇನಿಯದಂಥ ಪುಟ್ಟ ದೇಶಗಳಿಗೂ ಅದರಲ್ಲಿ ಪಾಲಿದೆ. ನಮ್ಮಲ್ಲಿ ಮಾಲ್ಡೀವ್ಸ್, ಭೂತಾನ್‌ಗಳಿಗೆ ಇಂಥ ಪಾಲು ಸಿಕ್ಕರೆ ಅವು ನೆರವಿಗೆ ಕಾಯುವ ದೇಶಗಳಾಗಿಯೇ ಉಳಿಯಬೇಕಿಲ್ಲ.

ರಾಜಕೀಯ ಇದಕ್ಕೆ ಅಡ್ಡ ಬರುತ್ತದೆ, ಗೊತ್ತು. ಫ್ರಾನ್ಸ್, ಜರ್ಮನಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೆಂದು ನಾನು ನಂಬುವುದಿಲ್ಲ. ಸೇನೆ ಸೇರುವ ಕನಸಿರುವ ಗೆಳೆಯರೇ, ಗೆಳತಿಯರೇ, ಅರ್ಜಿ ತುಂಬುವಾಗ ಸಾರಿಗೆ ವಿಭಾಗವನ್ನೂ ಒಮ್ಮೆ ಯೋಚಿಸಿ. ಮುಂದಿನ ಭೂಕಂಪ ಎಲ್ಲಿ ಆಗುತ್ತದೋ ಯಾರಿಗೂ ತಿಳಿಯದು. ಅಲ್ಲಿಗೆ ಮೊದಲು ತಲುಪುವ ವಿಮಾನದಲ್ಲಿ ನಮ್ಮ ಕಾಲೇಜಿನವರೊಬ್ಬರು ಇರಲಿ.