ಬೋಲ್ಟು ಒಬ್ಬನದು, ನಟ್ಟು ಇನ್ನೊಬ್ಬನದು

ತಾನು ಕೊರೆದ ಬೋಲ್ಟಿಗೆ ತಾನೇ ಕೊರೆದ ನಟ್ಟು ಸಲೀಸಾಗಿ ಏರಿದಾಗ ಟರ್ನರ್ ವಿದ್ಯೆಯನ್ನು ಕಲಿಯುತ್ತಿರುವ ತರುಣನಿಗಾಗುವ ಆನಂದವು ಸಹಜವೇ ಸರಿ. ಆದರೆ ಆ ಆನಂದವು ಕೌಶಲಕ್ಕೆ ಪ್ರಮಾಣವಾಗಲಾರದು. ಬೋಲ್ಟಿನಲ್ಲಾದ ದೋಷವನ್ನು ನಟ್ಟಿನ ಒಳಗನ್ನು ಇನ್ನಷ್ಟು ಕೆರೆದು ಮರೆಮಾಚುವುದು ಲೇತಿನ ಮುಂದೆ ನಿಂತವನಿಗೆ ಕಷ್ಟವಲ್ಲ. ಆದುದರಿಂದ, ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ತಿರುಪು ಕೊರೆಯುವ ಕಾರ್ಯವನ್ನು ಪರೀಕ್ಷಿಸುವಾಗ, ಒಬ್ಬನ ಬೋಲ್ಟಿಗೆ ಅವನ ಮುಖವನ್ನೇ ಕಾಣದ ಪರವೂರಿನ ವಿದ್ಯಾರ್ಥಿಯ ನಟ್ಟನ್ನು ಹಾಕಿ ನೋಡತಕ್ಕದ್ದೆಂದು ನಾನು ಸೂಚಿಸಬಯಸುತ್ತೇನೆ.

ಈ ಕಾರ್ಯವು ಬೇಡುವ ಶಿಸ್ತನ್ನು ಬಲ್ಲವರಿಗೆ ಈ ಸೂಚನೆಯು ಅತಿರೇಕವೆಂದು ತೋರಲಾರದು. 20 ಮಿ.ಮೀ. ವ್ಯಾಸದ ಸರಳಿನ ಮೇಲೆ 2.5 ಮಿ.ಮೀ. ಪಿಚ್ಚಿನ ತಿರುಪನ್ನು ಕೊರೆಯಬೇಕಾದರೆ, ಚಕ್ಕಿನಲ್ಲಿ ಹಿಡಿದ ಜಾಬು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಅಷ್ಟೇ ದೂರ, ಒಂದಿಷ್ಟೂ ಹೆಚ್ಚುಕಡಮೆಯಿಲ್ಲದೆ, ಸಾಗಬೇಕು. ಲೀಡ್ ಸ್ಕ್ರೂವಿನ ಪಿಚ್ಚು 6 ಮಿ.ಮೀ. ಇರುವ ಲೇತಿನಲ್ಲಿ, ಸ್ಪಿಂಡಲಿನ ಕಡೆಯ 50 ಹಲ್ಲಿನ ಗೇರು ಸ್ಕ್ರೂವಿನ ಕಡೆಯ 120 ಹಲ್ಲಿನ ಗೇರನ್ನು ನಡೆಸುವಂತೆ ಜೋಡಿಸಿದರೆ ಆ ಪ್ರಮಾಣವು ಸಿದ್ಧಿಸುತ್ತದೆ. 60 ಡಿಗ್ರಿ ಕೋನಕ್ಕೆ ಸಾಣೆ ಹಿಡಿದ ಟೂಲನ್ನು ಗೇಜಿಟ್ಟು ನೇರವಾಗಿ ನಿಲ್ಲಿಸಿ, ಸುಮಾರು ಒಂದೂವರೆ ಮಿ.ಮೀ. ಆಳವನ್ನು ಹಲವು ಸಲ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ಪ್ರತಿ ಸಲವೂ ಟೂಲು ಹಿಂದಿನ ತೋಡಿಗೇ ಬೀಳಬೇಕು. ಎರಡೂವರೆಯು ಆರನ್ನು ನಿಶ್ಶೇಷವಾಗಿ ಭಾಗಿಸದ ಕಾರಣ, ಟೂಲಿನ ನಡೆಯನ್ನು ಲೀಡ್ ಸ್ಕ್ರೂವಿಗೆ ಕೂಡಿಸುವ ಹಾಫ್ ನಟ್ಟನ್ನು ಬಿಟ್ಟು ಮನಬಂದೆಡೆ ಮತ್ತೆ ಕೂಡಿಸಿದವನ ಟೂಲು ತಾನೇ ಕೊರೆದ ಎಳೆಯ ನೆತ್ತಿಯನ್ನು ಕಡಿದುಹಾಕೀತು; ಬಲ್ಲವನು ಅದನ್ನು ಬಿಡದೆ, ಟೂಲನ್ನು ಮಾತ್ರ ಹಿಂದಕ್ಕೆಳೆದು, ಸ್ಪಿಂಡಲನ್ನು ಹಿಮ್ಮುಖವಾಗಿ ತಿರುಗಿಸಿ ಮೊದಲ ಸ್ಥಾನಕ್ಕೆ ಬರುತ್ತಾನೆ.

ಇಷ್ಟೆಲ್ಲ ಶ್ರದ್ಧೆಯು ಅಪರಿಚಿತನೊಬ್ಬನ ಸಲುವಾಗಿ ಎಂಬುದನ್ನು ಲೋಕವು ಕಲಿತದ್ದು ನಿಧಾನವಾಗಿ. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆಯು ಲೀಡ್ ಸ್ಕ್ರೂ, ಸ್ಲೈಡ್ ರೆಸ್ಟ್ ಮತ್ತು ಬದಲಾಯಿಸಬಹುದಾದ ಗೇರುಗಳನ್ನು ಒಂದೇ ಲೇತಿನಲ್ಲಿ ಕೂಡಿಸಿ ನಿಷ್ಕೃಷ್ಟವಾದ ತಿರುಪನ್ನು ಸಾಧ್ಯವಾಗಿಸಿದನು. ಆದರೂ ಒಂದೊಂದು ಕಾರ್ಖಾನೆಯ ತಿರುಪು ಒಂದೊಂದು ಬಗೆಯಾಗಿಯೇ ಉಳಿಯಿತು. ಅವನ ಕಾರ್ಖಾನೆಯಲ್ಲಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಒಂದು ಸಾಮಾನ್ಯ ಕ್ರಮವನ್ನು ಮುಂದಿಟ್ಟನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯದನ್ನು ಪ್ರತಿಪಾದಿಸಿದನು. ಅರ್ಧ ಅಂಗುಲದ ಬೋಲ್ಟಿಗೆ ಅಂಗುಲವೊಂದಕ್ಕೆ ಬ್ರಿಟನ್ನಿನ ಕ್ರಮದಲ್ಲಿ 12 ಎಳೆಗಳಾದರೆ ಅಮೆರಿಕದಲ್ಲಿ 13. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳೇ ಪರಸ್ಪರರ ನಟ್ಟುಗಳನ್ನು ಬಳಸಲಾರದೆ ತೊಳಲಿದವು. ಆ ಎರಡು ದೇಶಗಳೂ ಕೆನಡವೂ ಏಕರೂಪದ ತಿರುಪಿಗೆ ಒಪ್ಪಿದ್ದು 1948ರಲ್ಲಿ.

ಗೋ, ನೋಗೋ ಗೇಜುಗಳಿರುವಾಗ ಪರವೂರಿನ ನಟ್ಟೇಕೆ ಎಂದು ಕೇಳಬಹುದು. ಗೇಜು ಬೇಕು; ಜೋಡಿ ಕೂಡದಿದ್ದಾಗ ತಪ್ಪು ಯಾರದೆಂದು ನಿರ್ಣಯಿಸತಕ್ಕದ್ದು ಅದೇ. ಆದರೆ ಗೇಜಿನ ತೀರ್ಪು ಅಂಕವಾಗಿ ನಿಲ್ಲುತ್ತದೆ, ಏರದ ನಟ್ಟಾದರೋ ಒಬ್ಬನ ಅಜಾಗರೂಕತೆಯಿಂದ ಇನ್ನೊಬ್ಬನ ಶ್ರಮವೂ ವ್ಯರ್ಥವಾದೀತೆಂಬುದನ್ನು ತೋರಿಸಿಕೊಡುತ್ತದೆ. ಸಿ.ಎನ್.ಸಿ. ಯಂತ್ರದ ಕಾಲದಲ್ಲಿ ಈ ಶ್ರಮವೇ ಅನಾವಶ್ಯಕವೆಂಬ ವಾದವನ್ನೂ ನಾನು ಒಪ್ಪಲಾರೆ. ಅಲ್ಲಿಯೂ ಸ್ಪಿಂಡಲಿನ ಸುತ್ತಿಗೂ ಟೂಲಿನ ನಡೆಗೂ ಇರುವ ಸಂಬಂಧವು ಇದೇ. ಗೇರುಗಳ ಸ್ಥಾನದಲ್ಲಿ ಎನ್‌ಕೋಡರ್ ನಿಂತಿದೆ, ಅಷ್ಟೇ. ಆ ಸಂಬಂಧವನ್ನು ಕೈಯಾರೆ ಕಟ್ಟಿ ನೋಡಿದವನು ಯಂತ್ರವು ತಪ್ಪಿದಾಗ ಅದನ್ನು ಬೇಗ ಗುರುತಿಸಬಲ್ಲನು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನೂ 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯನ್ನೂ ಕಂಡು, ಲೇತುಗಳನ್ನು ದೇಶಕ್ಕೇ ಒದಗಿಸಿದ ನಾಡು ನಮ್ಮದು. ಈ ಪರೀಕ್ಷಾಕ್ರಮವನ್ನು ಇಲ್ಲಿ ಆರಂಭಿಸಲು ಹೊಸ ಯಂತ್ರವೂ ವಿಶೇಷ ವೆಚ್ಚವೂ ಬೇಕಿಲ್ಲ: ಒಂದೇ ನಕ್ಷೆಯನ್ನು ಎರಡು ಊರುಗಳಿಗೆ ಕಳುಹಿಸಿ, ಒಂದರಲ್ಲಿ ಬೋಲ್ಟನ್ನೂ ಇನ್ನೊಂದರಲ್ಲಿ ನಟ್ಟನ್ನೂ ಕೊರೆಯಿಸಿ, ಇಬ್ಬರು ಅಧ್ಯಾಪಕರ ಸಮಕ್ಷಮದಲ್ಲಿ ಅವನ್ನು ಕೂಡಿಸಿದರೆ ಸಾಕು. ಮುಂದಿನ ವರ್ಷದ ಪರೀಕ್ಷೆಯಿಂದಲೇ ಇದು ಜಾರಿಗೆ ಬರಲಿ.